‘ಎಲ್ಲಾ ಬಂತು ಸಾರ್’

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ರಿಪೇರಿ ಅಂಗಡಿಗಳ ಡೇಟಾ ರಿಕವರಿಗೆ ದೊಡ್ಡ ಹೆಸರಿದೆ. ಹಳೆಯ ಹಾರ್ಡ್ ಡಿಸ್ಕನ್ನು ಕೇಸಿಂಗ್‌ಗೆ ಹಾಕಿ, ಹೊಸ ಕಂಪ್ಯೂಟರಿಗೆ ಸಿಕ್ಕಿಸಿ, ಕಾಪಿ ಮಾಡಿ ‘ಎಲ್ಲಾ ಬಂತು ಸಾರ್’ ಅಂದುಬಿಡುತ್ತಾರೆ. ಕೈಚಳಕ ಒಪ್ಪತಕ್ಕದ್ದೇ. ಆದರೆ ಡಿಟಿಪಿ ಅಂಗಡಿಯವರ ಪಾಲಿಗೆ ಅದು ಅರೆಬರೆ ಕೆಲಸ. ಫೈಲು ತೆರೆದರೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು; ಫಾಂಟಿಲ್ಲದಿದ್ದರೆ ಕಾಣುವುದು ಆ ಇಂಗ್ಲಿಷೇ. ಫೈಲುಗಳಿದ್ದದ್ದು ಡಿ ಡ್ರೈವಿನಲ್ಲಿ, ಫಾಂಟುಗಳಿದ್ದದ್ದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಡಿ ಕಾಪಿಯಾಯಿತು, ಸಿ ಫಾರ್ಮ್ಯಾಟ್ ಆಯಿತು. ಫಾಂಟ್ಸ್ ಫೋಲ್ಡರನ್ನೂ ಎತ್ತಿಡಲು ಯಾರಿಗೂ ತೋಚಲಿಲ್ಲ.

‘ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಇದೆಯಲ್ಲ’ ಅನ್ನುವವರ ಜೊತೆಗೇ ನನ್ನ ತಕರಾರು. ‘ಕೀರ್ತಿ’ಯನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿದೆ: ಕೀ, ತಿ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ‘ರ್’ ಬರುವುದು ‘ತಿ’ಗಿಂತ ಮೊದಲು. ಒಳ್ಳೆಯ ಕನ್ವರ್ಟರ್ ಅದನ್ನು ಹಿಂದಕ್ಕೆ ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಅಲ್ಲಿಗೆ ಅದರ ಜಾಣ್ಮೆ ಮುಗಿಯಿತು. ಬಾಡಿಗೆ ಕರಾರಿನ ನಡುವೆ ಇಂಗ್ಲಿಷಿನಲ್ಲಿ ಪ್ಯಾನ್ ನಂಬರು ಇರುತ್ತದೆ. ವರ್ಡ್ ಫೈಲಿನಲ್ಲಿ ಯಾವ ಚೂರು ಯಾವ ಫಾಂಟಿನದು ಎಂಬುದು ದಾಖಲಾಗಿರುತ್ತದೆ. ಬರೀ ಪಠ್ಯವನ್ನು ಕಾಪಿ ಮಾಡಿ ಕನ್ವರ್ಟರಿಗೆ ಸುರಿದರೆ ಆ ಗುರುತು ಅಳಿಸಿಹೋಗುತ್ತದೆ. ಆಗ ನಂಬರಿನ ಇಂಗ್ಲಿಷ್ ಅಕ್ಷರಗಳೂ ಕನ್ನಡದ ಚೂರುಗಳಾಗಿ ಉದುರುತ್ತವೆ. ಇನ್ನು ನುಡಿಗೆಂದು ಬರೆದ ಕನ್ವರ್ಟರಿಗೆ, ಅಕ್ಷರಗಳನ್ನು ಬೇರೆಯೇ ರೀತಿ ಜೋಡಿಸಿಕೊಂಡ ಶ್ರೀಲಿಪಿ ತಂತ್ರಾಂಶದ ಫೈಲು ಕೊಟ್ಟರೆ ಶುದ್ಧ ಕಲಸುಮೇಲೋಗರ.

ಇನ್ನೊಂದು ಪಂಗಡ ‘ಯೂನಿಕೋಡ್ ಬಂದಾಯ್ತು, ಹಳೇ ಫಾಂಟಿನ ಗೊಡವೆ ಯಾಕೆ’ ಎಂದು ಮೂಗು ಮುರಿಯುತ್ತದೆ. ಇವರು ಪ್ರೆಸ್ಸಿನ ಮೆಟ್ಟಿಲು ಹತ್ತಿದಂತಿಲ್ಲ. ಅಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ಒಗ್ಗಲೇ ಇಲ್ಲ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಪೋಸ್ಟರು ಎಲ್ಲ ಅದರಲ್ಲೇ ಕೂತಿದ್ದಾಗ ಫಾಂಟು ಬಿಡುವುದು ಹೇಗೆ?

ಡಿಸ್ಕು ‘ಫಾರ್ಮ್ಯಾಟ್ ಮಾಡಿ’ ಎಂದು ಹಟ ಹಿಡಿದರಂತೂ ಫಜೀತಿ. ಫೋಟೋರೆಕ್‌ನಂಥ ತಂತ್ರಾಂಶ ಫೈಲಿನ ಒಳಗಿನ ಗುರುತು ಹಿಡಿದು ಎತ್ತುತ್ತದೆ, ಮೂಲ ಹೆಸರೂ ಫೋಲ್ಡರೂ ಉಳಿಯುವುದಿಲ್ಲ. ಹೆಸರಿಲ್ಲ, ಫಾಂಟಿಲ್ಲ, ಅದಕ್ಕೂ ‘ಎಲ್ಲಾ ಬಂತು’ ಎಂದೇ ಬಿಲ್ಲು. ದುಡ್ಡು ಎಣಿಸುವ ಮುಂಚೆ ಅಂಗಡಿಯವರ ಕೈಯಲ್ಲೇ ಒಂದು ಕನ್ನಡ ಫೈಲು ತೆರೆಸಿ, ನಾಲ್ಕು ಸಾಲು ಓದಿಸಿ.