ಮಂದ ಬೆಳಕಿನಲ್ಲಿ ರಾಥ್ಕೊ

ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಮಾರ್ಕ್ ರಾಥ್ಕೊನ ಸೀಗ್ರಾಮ್ ಚಿತ್ರಗಳಿರುವ ಕೋಣೆಗೆ ಕಾಲಿಟ್ಟವರು ತಾವಾಗಿಯೇ ದನಿ ತಗ್ಗಿಸುತ್ತಾರೆ. ದೀಪ ಮಂದ. ಕಣ್ಣು ಒಗ್ಗುವವರೆಗೆ ಕಾಣುವುದು ಆಳೆತ್ತರ ಮೀರಿದ ಮೆರೂನ್ ಬಣ್ಣ, ಅದರೊಳಗೆ ತೇಲುವ ಕಪ್ಪು ಇಲ್ಲವೇ ಕೆಂಪು ಚೌಕಟ್ಟು, ಅಷ್ಟೇ. "ಇದರಲ್ಲಿ ನೋಡೋದೇನಿದೆ?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಆ ಬಣ್ಣದಲ್ಲೇ ಇದೆ ಎಂದು ನಾನು ನಂಬುತ್ತೇನೆ. ಆದರೆ ಅದಕ್ಕೂ ನಮಗೂ ನಡುವೆ ಒಂದು ಕಥೆ ಅಡ್ಡ ಬರುತ್ತದೆ.

1958ರಲ್ಲಿ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದ ಫೋರ್ ಸೀಸನ್ಸ್ ರೆಸ್ಟೋರೆಂಟಿನ ಗೋಡೆಗಳಿಗೆಂದು ರಾಥ್ಕೊ ಈ ಕೆಲಸ ಒಪ್ಪಿಕೊಂಡಿದ್ದ. ಮರುವರ್ಷ ಹೆಂಡತಿಯೊಡನೆ ಅಲ್ಲಿ ಊಟ ಮಾಡಿ ಬಂದವನು ಒಪ್ಪಂದ ಮುರಿದು ಹಣ ಹಿಂದಿರುಗಿಸಿದ. ಮುಂದೆ ಒಂಬತ್ತು ಚಿತ್ರಗಳನ್ನು ಟೇಟ್‌ಗೆ ಕೊಟ್ಟ. ಅವು ಲಂಡನ್ ತಲುಪಿದ್ದು 1970ರ ಫೆಬ್ರವರಿ 25ರಂದು. ಅದೇ ದಿನ ನ್ಯೂಯಾರ್ಕಿನಲ್ಲಿ ಅವನ ಶವ ಸಿಕ್ಕಿತು, ಅದು ಆತ್ಮಹತ್ಯೆ. ಇದನ್ನು ಕೇಳಿಕೊಂಡು ಒಳಗೆ ಹೋದವರಿಗೆ ಪ್ರತಿ ಕೆಂಪೂ ರಕ್ತವಾಗಿ, ಪ್ರತಿ ಕಪ್ಪೂ ಸಾವಾಗಿ ಕಾಣುತ್ತದೆ. ಚಿತ್ರಗಳು ಹುಟ್ಟಿದ್ದು ಆ ಸಾವಿಗೆ ಹತ್ತು ವರ್ಷಕ್ಕೂ ಮೊದಲು ಎಂಬುದು ಮರೆತೇ ಹೋಗುತ್ತದೆ.

ರಾಥ್ಕೊನ ಕಸುಬು ಇರುವುದು ಅಂಚುಗಳಲ್ಲಿ. 'ಬ್ಲ್ಯಾಕ್ ಆನ್ ಮೆರೂನ್' ಚಿತ್ರದ ಹತ್ತಿರ ಹೋಗಿ ನೋಡಿ. ದೂರದಿಂದ ಗಟ್ಟಿ ಚೌಕಟ್ಟಿನಂತಿದ್ದ ಆಕಾರ ಅಂಚಿಗೆ ಬರುತ್ತಲೇ ತೆಳುವಾಗಿ, ಕುಂಚದ ಗೀರುಗಳ ಸಂದಿಯಲ್ಲಿ ಕೆಳಗಿನ ಬಣ್ಣಕ್ಕೆ ಜಾಗ ಬಿಡುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ತೀರ್ಮಾನಿಸಲಾಗುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದೆಡೆ ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ, ಇನ್ನೊಂದೆಡೆ ಮಿರುಗುತ್ತದೆ. ಬಣ್ಣಕ್ಕೆ ಮೊಟ್ಟೆ, ಅಂಟು, ರಾಳ ಬೆರೆಸಿ ಪದರದ ಮೇಲೆ ತೆಳು ಪದರ ಹಚ್ಚುತ್ತಿದ್ದವನು ಅವನು. 2012ರಲ್ಲಿ ಸಂದರ್ಶಕನೊಬ್ಬ ಈ ಸರಣಿಯ ಚಿತ್ರವೊಂದರ ಮೇಲೆ ಶಾಯಿಯಲ್ಲಿ ಗೀಚಿದಾಗ ಅದು ಪದರಗಳನ್ನೆಲ್ಲ ದಾಟಿ ಕ್ಯಾನ್ವಾಸಿನ ಬೆನ್ನಿಗೂ ಇಳಿದಿತ್ತು. ಅದನ್ನು ಸರಿಪಡಿಸಲು ತಜ್ಞರಿಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು.

ಹಾಗಾಗಿಯೇ ಆ ಮಂದ ದೀಪದ ಬಗ್ಗೆ ನನ್ನ ತಕರಾರು. ಹೆಚ್ಚು ಬೆಳಕು ಬೇಡವೆಂದವನು ರಾಥ್ಕೊನೇ, ನಿಜ. ಪ್ರಖರ ದೀಪದಡಿ ಈ ಬಣ್ಣಗಳು ಸಪ್ಪೆಯಾಗುತ್ತವೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಗರ್ಭಗುಡಿಯ ಮುಂದೆ ನಿಂತವರಂತೆ ಜನ ಮೊದಲೇ ಭಕ್ತಿಗೆ ಅಣಿಯಾಗಿಬಿಟ್ಟರೆ, ನೋಡುವ ಕೆಲಸ ಹಿಂದೆ ಬೀಳುತ್ತದೆ. ಮಿರುಗಿಗೂ ಮಾಸಲಿಗೂ ಇರುವ ವ್ಯತ್ಯಾಸವೇ ಚಿತ್ರದ ಜೀವವಾಗಿರುವಾಗ, ಅದು ಅಳಿಸಿಹೋಗುವಷ್ಟು ಕತ್ತಲು ಚಿತ್ರಕಾರನಿಗೇ ಆಗುವ ನಷ್ಟ.

ಎಲ್ಲ ಚಿತ್ರಗಳೂ ಒಂದೇ ತೂಕದವಲ್ಲ. ಫ್ಲಾರೆನ್ಸಿನಲ್ಲಿ ಮೈಕೆಲೇಂಜಲೊ ಕಟ್ಟಿದ ಲಾರೆನ್ಷಿಯನ್ ಗ್ರಂಥಾಲಯದ ಮುಚ್ಚಿದ ಕಿಟಕಿಗಳು ರಾಥ್ಕೊನ ಮನಸ್ಸಿನಲ್ಲಿದ್ದವು. ಆಕಾರ ತೀರಾ ಕಿಟಕಿಯೇ ಆಗಿಬಿಟ್ಟ ಕಡೆ ನಾವು ಅದನ್ನು ಗುರುತಿಸಿ ಮುಂದೆ ಸಾಗುತ್ತೇವೆ. ಬಣ್ಣ ಬರೀ ಗೋಡೆಯಾಗಿ ಉಳಿಯುತ್ತದೆ. ಅಗಲವಾದ 'ರೆಡ್ ಆನ್ ಮೆರೂನ್' ಚಿತ್ರಗಳಲ್ಲಿ ಹಾಗಾಗುವುದಿಲ್ಲ. ಒಂದೇ ನೋಟಕ್ಕೆ ಸಿಗದಷ್ಟು ಹರಹು ಅವುಗಳದ್ದು. ಆಕಾರಕ್ಕೆ ಹೆಸರಿಡುವ ಮೊದಲೇ ಕಣ್ಣು ಅದರ ಅಂಚಿನ ಗುಂಟ ಹೊರಟಿರುತ್ತದೆ. ಈ ಸರಣಿಯಲ್ಲಿ ನನ್ನ ಮಟ್ಟಿಗೆ ಅವೇ ಮೇಲು.