ಶಾಸನದ ಒಕ್ಕಣೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳ ಬರಹಗಳನ್ನು ಓದುವ ಕ್ರಮದ ಒಂದು ವಿಮರ್ಶೆ

ಕಾಗದ ಬರೆಯುವುದಕ್ಕೂ ಕ್ರಯಪತ್ರ ಮಾಡಿಕೊಡುವುದಕ್ಕೂ ನಮ್ಮ ಹಿರಿಯರು ಒಂದು ಒಕ್ಕಣೆಯನ್ನು ಇಟ್ಟುಕೊಂಡಿದ್ದರು. ಯಾರು, ಯಾರಿಗೆ, ಯಾವ ದಿನ, ಯಾವ ವಿಷಯವನ್ನು ಕುರಿತು ಬರೆಯುತ್ತಿದ್ದಾರೆಂಬುದು ಗೊತ್ತಾದ ಜಾಗಗಳಲ್ಲಿ ಬರಬೇಕು. ಕೊನೆಯಲ್ಲಿ ಸಾಕ್ಷಿ, ರುಜು ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪತ್ರ ವ್ಯವಹಾರಕ್ಕೆ ನಿಲ್ಲುತ್ತಿರಲಿಲ್ಲ. ಕಲ್ಲಿನ ಮೇಲೆ, ತಾಮ್ರದ ಹಲಗೆಯ ಮೇಲೆ ಬರೆಯಿಸಿದ ಶಾಸನಗಳಿಗೂ ಇಂತಹ ಒಕ್ಕಣೆಯೇ ಉಂಟು. ಸಾರ್ವಜನಿಕರ ಮುಂದೆ ಒಂದು ಮಾತನ್ನು ಇಡುವವನು ಅದನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕ್ರಮದಲ್ಲಿ ಬರೆಯಬೇಕು, ಯಾರ ಹೆಸರಿನಲ್ಲಿ ಮುಗಿಸಬೇಕು ಎಂಬುದನ್ನು ಈ ನಾಡಿನ ಶಾಸನಕಾರರು ನೂರಾರು ವರ್ಷ ಯೋಚಿಸಿ ಗೊತ್ತುಮಾಡಿದ್ದರು. ನಾವಾದರೋ ಶಾಸನವನ್ನು ಓದುವಾಗ ಅರಸನ ಹೆಸರನ್ನೂ ವರ್ಷವನ್ನೂ ಹೆಕ್ಕಿಕೊಂಡು, ಉಳಿದುದನ್ನು 'ಸಂಪ್ರದಾಯ' ಎಂದು ಪಕ್ಕಕ್ಕಿಡುತ್ತೇವೆ. ಈ ಅಭ್ಯಾಸದಿಂದ ಆಗಿರುವ ನಷ್ಟವನ್ನು ನಮ್ಮ ಜಿಲ್ಲೆಯ ಕೆಲವು ಬರಹಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಕ್ಕಣೆಯ ಸ್ಥೂಲರೂಪವನ್ನು ನೆನೆಯಬಹುದು. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸುಕರು ಮೊದಲಾದ ಚಿಹ್ನೆಗಳಿರುತ್ತವೆ. ಅನಂತರ ಮಂಗಳಶ್ಲೋಕ. ಶೈವ ದಾನಗಳಲ್ಲಿ ಬಾಣನ ಹರ್ಷಚರಿತದ ಮೊದಲ ಶ್ಲೋಕವೂ ಜೈನ ದಾನಗಳಲ್ಲಿ ಜಿನಶಾಸನವನ್ನು ಹೊಗಳುವ ಶ್ಲೋಕವೂ ಸಾಮಾನ್ಯವಾಗಿ ಬರುತ್ತವೆ. ಬಳಿಕ ಆಳುವ ಅರಸನ ಪ್ರಶಸ್ತಿ, ಅವನ ಅಧೀನನಾದ ಸಾಮಂತನ ಪ್ರಶಸ್ತಿ, ತಿಥಿವಾರಗಳು, ದಾನ, ದಾನ ಪಡೆದವರು, ಭೂಮಿಯ ಎಲ್ಲೆ, ಕಡೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಕೆಲವೆಡೆ ಬರೆದವನ ಮತ್ತು ಕಂಡರಿಸಿದವನ ಹೆಸರು. ಎಲ್ಲ ಶಾಸನಗಳಲ್ಲಿಯೂ ಎಲ್ಲ ಅಂಗಗಳು ಇರುವುದಿಲ್ಲ. ಆದರೆ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಕೇಳದೆ ಶಾಸನವನ್ನು ಓದಿದೆವೆಂದು ಹೇಳುವಂತಿಲ್ಲ.

ನಮ್ಮ ಜಿಲ್ಲೆಯ ಶಾಸನಗಳನ್ನು ಮೊದಲು ಒಟ್ಟುಗೂಡಿಸಿ ಅಚ್ಚುಹಾಕಿಸಿದ ಕೀರ್ತಿ ಬಿ. ಎಲ್. ರೈಸ್ ಅವರದು. 'ಎಪಿಗ್ರಾಫಿಯಾ ಕರ್ನಾಟಿಕ'ದ ಹನ್ನೆರಡನೆಯ ಸಂಪುಟ, ಅಂದರೆ ತುಮಕೂರು ಜಿಲ್ಲೆಯದು, 1904ರಲ್ಲಿ ಪ್ರಕಟವಾಯಿತು. ಎಲ್ಲ ಸಂಪುಟಗಳೂ ಸೇರಿ ಸುಮಾರು 9000 ಶಾಸನಗಳು ಬೆಳಕು ಕಂಡುವು. ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಯಾವ ಊರಿನ ಯಾವ ಜಾಗದಲ್ಲಿ ಕಲ್ಲು ಇದೆಯೆಂಬುದನ್ನು ತಲೆಬರಹದಲ್ಲಿಯೇ ಸೂಚಿಸಿದ ಆ ಕ್ರಮಕ್ಕೆ ಇಂದಿಗೂ ನಾವು ಋಣಿಗಳು. ಆದರೆ ಇಂಗ್ಲಿಷ್ ಅನುವಾದದಲ್ಲಿ ರೈಸ್ ಅವರು ಅನೇಕ ಕಡೆ ಸಂಕ್ಷೇಪವನ್ನು ಅವಲಂಬಿಸಿದರು. ಬಿರುದುಗಳು ಬಂದಾಗ 'ರೂಢಿಯ ಬಿರುದುಗಳೊಡನೆ' ಎಂದೂ, ತಿಥಿ ಬಂದಾಗ 'ಹೇಳಿದ ದಿನದಲ್ಲಿ' ಎಂದೂ, ಶಾಪಭಾಗ ಬಂದಾಗ 'ರೂಢಿಯ ಕೊನೆಯ ಶ್ಲೋಕಗಳು' ಎಂದೂ ಬರೆದು ಮುಂದುವರಿದರು. ಸಾವಿರಾರು ಶಾಸನಗಳ ಭಾರವನ್ನು ಹೊತ್ತವರು ಹೀಗೆ ಮಾಡಿದ್ದು ಸಹಜ. ಮೂಲಪಾಠವನ್ನು ಕನ್ನಡ ಲಿಪಿಯಲ್ಲಿ ಅವರು ಕೊಟ್ಟೇ ಇದ್ದಾರೆ. ದೋಷ ನಮ್ಮದು. ಮೂಲವನ್ನು ಬಿಟ್ಟು ಅನುವಾದವನ್ನು ಮಾತ್ರ ನೋಡುವ ಪದ್ಧತಿ ತರಗತಿಗಳಲ್ಲಿ ಬೇರೂರಿತು. ಅವಕಾಶ ಸಾಲದೆ ಬಿಟ್ಟುದನ್ನು ನಾವು ಬೆಲೆಯಿಲ್ಲದ್ದೆಂದು ಎಣಿಸಿದೆವು.

ಇದರ ಪರಿಣಾಮವನ್ನು ತುಮಕೂರಿಗೆ ಸಮೀಪದಲ್ಲಿ, ಗೂಳೂರಿನ ಬಳಿ ಇರುವ ಕೈದಾಳದಲ್ಲಿ ಕಾಣಬಹುದು. ಅಲ್ಲಿನ ಚೆನ್ನಕೇಶವ ದೇವಾಲಯದ ವಿಷಯವಾಗಿ ವಿದ್ಯಾರ್ಥಿಗಳನ್ನು ಕೇಳಿದರೆ ಜಕಣಾಚಾರಿಯ ಕಥೆ ಬರುತ್ತದೆ: ಕಳೆದುಕೊಂಡ ಕೈಯನ್ನು ಅವನು ಇಲ್ಲಿ ಮರಳಿ ಪಡೆದನು, ಅದರಿಂದ ಊರಿಗೆ ಈ ಹೆಸರು ಬಂದಿತು ಎಂದು. ಸ್ವಲ್ಪ ಹೆಚ್ಚು ಓದಿದವರು 'ಹೊಯ್ಸಳ ಒಂದನೆಯ ನರಸಿಂಹನ ಕಾಲ, ಸುಮಾರು 1151' ಎನ್ನುತ್ತಾರೆ. ಕಥೆಯಲ್ಲಿ ದೇವಾಲಯ ಶಿಲ್ಪಿಯದಾಯಿತು, ಪಠ್ಯದಲ್ಲಿ ಅರಸನದಾಯಿತು. ಶಾಸನ ಹೇಳುವುದು ಬೇರೆ. ಅರಸನ ಪ್ರಶಸ್ತಿ ಮುಗಿದ ಮೇಲೆ ಮರುಗರೆನಾಡಿನ ಸಾಮಂತ ಬಾಚಿಯ ಪ್ರಶಸ್ತಿ ಬರುತ್ತದೆ; ದೇವಾಲಯಗಳನ್ನು ಕಟ್ಟಿಸಿದವನೂ ದಾನಕೊಟ್ಟವನೂ ಅವನೇ. ವೈಷ್ಣವ, ಶೈವ ದೇವಾಲಯಗಳ ಜೊತೆಗೆ ಜಿನಾಲಯವನ್ನೂ ಅವನು ಕಟ್ಟಿಸಿದನು. ಒಕ್ಕಣೆಯ ಕ್ರಮವನ್ನು ಬಲ್ಲವನಿಗೆ ಇದರಲ್ಲಿ ಗೊಂದಲವಿಲ್ಲ. ಮೊದಲು ಬರುವ ಅರಸನ ಹೆಸರು ಯಾರ ಆಳ್ವಿಕೆಯೆಂಬುದನ್ನು ತಿಳಿಸುವುದಕ್ಕೆ. ಬಳಿಕ ಬರುವ ಹೆಸರು ಮಾತನಾಡುತ್ತಿರುವವನದು. ಮೊದಲ ಹೆಸರಿನಲ್ಲಿಯೇ ನಿಂತುಬಿಟ್ಟ ನಾವು, ಮೂರು ಮತಗಳಿಗೂ ಗುಡಿ ಕಟ್ಟಿಸಿದ ನಮ್ಮ ಸೀಮೆಯ ಒಬ್ಬ ಸಾಮಂತನನ್ನು ಮರೆತೆವು. ಜಕಣಾಚಾರಿಯ ಕಥೆಯನ್ನು ಹಳಿಯಬೇಕಾದುದಿಲ್ಲ. ಜನ ಅದನ್ನು ಹೇಳಿಕೊಳ್ಳಲಿ. ಆದರೆ ಕಲ್ಲು ಎದುರಿಗೇ ನಿಂತು ಬಾಚಿಯ ಹೆಸರನ್ನು ಹೇಳುತ್ತಿರುವಾಗ ಅದನ್ನು ಕೇಳದಿರುವುದು ಇತಿಹಾಸದ ಅಧ್ಯಾಪಕರಿಗೆ ಒಪ್ಪುವ ಕೆಲಸವಲ್ಲ.

ಕಲ್ಲಿನಿಂದ ತಾಮ್ರಕ್ಕೆ ಬಂದರೆ, ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಪಟಗಳು ಇನ್ನೊಂದು ಪಾಠವನ್ನು ಕಲಿಸುತ್ತವೆ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಹೆಸರಿನಲ್ಲಿರುವ ಈ ಸಂಸ್ಕೃತ ಶಾಸನ ಶಕ 735ರದು. ಶಕವರ್ಷವನ್ನು ಗತವೆಂದು ಎಣಿಸಿದರೆ ಕ್ರಿ.ಶ. 813-14, ವರ್ತಮಾನವೆಂದು ಎಣಿಸಿದರೆ 812-13 ಬರುತ್ತದೆ. ಒಂದೇ ಶಾಸನಕ್ಕೆ ಎರಡು ಪುಸ್ತಕಗಳಲ್ಲಿ ಎರಡು ವರ್ಷಗಳು ಕಂಡು ವಿದ್ಯಾರ್ಥಿ ಕಂಗೆಡುವುದು ಇದರಿಂದಲೇ. ಶಾಸನದಲ್ಲಿರುವ ವರ್ಷವನ್ನು ಮೊದಲು ಬರೆದು, ಎಣಿಕೆಯ ಕ್ರಮವನ್ನು ತಿಳಿಸಿ, ಆಮೇಲೆ ಕ್ರಿಸ್ತಶಕವನ್ನು ಕೊಟ್ಟಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಈ ಶಾಸನದ ತಿರುಳು ಅರಸನ ದೀರ್ಘ ವರ್ಣನೆಯನ್ನು ದಾಟಿದ ಮೇಲೆ ದೊರೆಯುತ್ತದೆ. ಗಂಗಮಂಡಲವನ್ನು ಆಳುತ್ತಿದ್ದ ಚಾಕಿರಾಜನು ಅರಸನಲ್ಲಿ ವಿಜ್ಞಾಪಿಸಿಕೊಂಡನು. ಅವನ ಸೋದರಳಿಯನಾದ, ಚಾಲುಕ್ಯ ವಂಶದ ವಿಮಲಾದಿತ್ಯನು ಕುನುಂಗಿಲ್ ದೇಶವನ್ನು ಆಳುತ್ತಿದ್ದನು. ವಿಮಲಾದಿತ್ಯನಿಗೆ ಒದಗಿದ್ದ ಶನಿಪೀಡೆಯನ್ನು ಯಾಪನೀಯ ಪರಂಪರೆಯ ಜೈನಮುನಿ ಅರ್ಕಕೀರ್ತಿ ಪರಿಹರಿಸಿದುದಕ್ಕಾಗಿ, ಶಿಲಾಗ್ರಾಮದ ಜಿನಮಂದಿರಕ್ಕೆ ಜಾಲಮಂಗಲವೆಂಬ ಗ್ರಾಮ ದಾನವಾಯಿತು. ಕುನುಂಗಿಲನ್ನು ಇಂದಿನ ಕುಣಿಗಲೆಂದು ವಿದ್ವಾಂಸರು ಗುರುತಿಸಿದ್ದಾರೆ. ಕುಣಿಗಲಿನ ಇತಿಹಾಸಕ್ಕೆ ಇಷ್ಟು ಹಳೆಯದಾದ ಸಾಕ್ಷ್ಯವೊಂದು ಗುಬ್ಬಿ ತಾಲ್ಲೂಕಿನ ತಾಮ್ರಪಟದಲ್ಲಿ, ಅದೂ ವಿಜ್ಞಾಪನೆಯ ಭಾಗದಲ್ಲಿ ಅಡಗಿದೆ. ರಾಷ್ಟ್ರಕೂಟರ ದಂಡಯಾತ್ರೆಗಳನ್ನು ಮಾತ್ರ ಹುಡುಕುವವನಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಒಕ್ಕಣೆ ಸತ್ಯಾಸತ್ಯ ನಿರ್ಣಯಕ್ಕೂ ಸಾಧನ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ರೈಸ್ ಅವರು ಅವುಗಳ ಪರವಾಗಿ ನಿಂತರು. ಆ ವಾದದಲ್ಲಿ ಮುಖ್ಯ ಆಧಾರಗಳಾದುವು ಲಿಪಿಯ ಕಾಲ, ತಿಥಿವಾರಗಳ ಹೊಂದಿಕೆ, ವಂಶಾವಳಿಯ ಕ್ರಮ ಮುಂತಾದುವು. ವಿಜಯನಗರದ ತಾಮ್ರಶಾಸನಗಳಲ್ಲಿ ಉದ್ದಕ್ಕೂ ನಂದಿನಾಗರಿ ಲಿಪಿಯಿದ್ದು, ಕೊನೆಯ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ ಮಾತ್ರ ಕನ್ನಡ ಲಿಪಿಯಲ್ಲಿರುವುದನ್ನು ಬಲ್ಲವರು, ಒಂದು ರುಜುವಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಲ್ಲರು.

ಇನ್ನು ಎಲ್ಲೆ ಮತ್ತು ಶಾಪ. ಕುಣಿಗಲ್ ಕೆರೆಗಳ ಸೀಮೆ. ಅಲ್ಲಿನ ದೊಡ್ಡ ಕೆರೆಯನ್ನು ಜನಪದರು ಹಾಡಿ ನಾಡಿಗೆಲ್ಲ ಪರಿಚಯಿಸಿದ್ದಾರೆ. ಕೆರೆಯ ಶಾಸನಗಳಲ್ಲಿ ಕಟ್ಟಿಸಿದವನ ಹೆಸರಿಗಿಂತ ಮಿಗಿಲಾದ ಸಂಗತಿ, ಅದನ್ನು ಕಾಪಾಡುವುದಕ್ಕೆ ಬಿಟ್ಟ ಬಿತ್ತುವಟ, ತೂಬಿನ ಕೆಳಗಿನ ಗದ್ದೆಯ ಎಲ್ಲೆಗಳು. ಹಳ್ಳ, ಹುತ್ತ, ಆಲದಮರ, ಗುಂಡುಕಲ್ಲು, ದಾರಿ ಎಂದು ಎಲ್ಲೆ ಹೇಳುವ ಸಾಲುಗಳಲ್ಲಿಯೇ ಹಳೆಯ ಊರಿನ ನಕ್ಷೆ ಇದೆ. ಗಂಗರ ಕಾಲದ ಅನೇಕ ಸಂಸ್ಕೃತ ತಾಮ್ರಪಟಗಳಲ್ಲಿ ಎಲ್ಲೆಯನ್ನು ಹೇಳಬೇಕಾದಾಗ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಉಳುವವನಿಗೆ ತಿಳಿಯಬೇಕಾದ ಮಾತು ಅವನ ನುಡಿಯಲ್ಲಿರಬೇಕೆಂಬ ವಿವೇಕ ಅದರಲ್ಲಿದೆ. ಶಾಪಗಳೂ ಹಾಗೆಯೇ. ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಸಂಸ್ಕೃತ ಶ್ಲೋಕ ನಾಡೆಲ್ಲ ಒಂದೇ. ಅದರ ಪಕ್ಕದಲ್ಲಿ, ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪದಲ್ಲಿ ಹೋಗುವನೆಂದು ಕನ್ನಡದಲ್ಲಿ ಬರೆಯಿಸಿದ್ದು ಊರಿನವರಿಗಾಗಿ. ಅಕ್ಷರ ಬಾರದವನಿಗಾಗಿ ನೆತ್ತಿಯ ಸೂರ್ಯಚಂದ್ರರಿದ್ದರು: ಅವರಿರುವವರೆಗೆ ಈ ದಾನ ನಡೆಯಬೇಕು ಎಂದು. ಹೀಗೆ ಒಂದೇ ಕಲ್ಲಿನಲ್ಲಿ ಮೂರು ಬಗೆಯ ಓದುಗರಿಗೆ ಮೂರು ಬಗೆಯಲ್ಲಿ ಹೇಳಿದ್ದನ್ನು 'ರೂಢಿಯ ಶ್ಲೋಕ' ಎಂಬ ಮಾತಿನಲ್ಲಿ ಮುಗಿಸಲಾಗದು.

ಇಲ್ಲಿ ಈ ಲೇಖಕನು ತನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರು ವೀರಗಲ್ಲಿನ ಛಾಯಾಚಿತ್ರವೊಂದನ್ನು ಮೊಬೈಲಿನಲ್ಲಿ ಕಳುಹಿಸಿದರು. ಪಟ್ಟಿಕೆಗಳ ನಡುವೆ ಕೆಲವು ಸಾಲುಗಳ ಬರಹವಿತ್ತು. ನಾನು ಉತ್ಸಾಹದಿಂದ ಓದಿ, ಸವೆದ ಅಕ್ಷರಗಳನ್ನು ಊಹೆಯಿಂದ ತುಂಬಿ, ತರಗತಿಯಲ್ಲಿಯೂ ಹೇಳಿದೆನು. ಊರು ಯಾವುದೆಂದು ಕೇಳಿಟ್ಟುಕೊಳ್ಳಲಿಲ್ಲ. ಆ ಚಿತ್ರ ಅವರಿಗೂ ಬೇರೊಬ್ಬರಿಂದ ಬಂದದ್ದು. ಕಲ್ಲು ಎಲ್ಲಿದೆಯೆಂಬುದು ಕೊನೆಗೂ ತಿಳಿಯಲಿಲ್ಲ. ನನ್ನ ಟಿಪ್ಪಣಿಯಲ್ಲಿ ಕಲ್ಲಿನ ಅಕ್ಷರ ಯಾವುದು, ನನ್ನ ಊಹೆ ಯಾವುದು ಎಂಬುದು ನನಗೇ ಈಗ ಗೊತ್ತಾಗುತ್ತಿಲ್ಲ. ಯಾರೋ ಒಬ್ಬ ವೀರನ ಮರಣವನ್ನು ಅವನ ಊರಿನವರು ಕಲ್ಲಿನಲ್ಲಿ ನಿಲ್ಲಿಸಿದ್ದರು. ಆ ಸಂದೇಶವನ್ನು ನಾನು ಅನಾಥ ಮಾಡಿದೆನು.

ಆದಕಾರಣ ಹೊಸ ಶಾಸನವನ್ನು ಇತರರ ಮುಂದಿಡುವವರು, ವಿದ್ಯಾರ್ಥಿಗಳಾಗಲಿ ಆಸಕ್ತರಾಗಲಿ, ಕನಿಷ್ಠ ಒಂದು ಒಕ್ಕಣೆಯನ್ನು ಪಾಲಿಸುವುದು ಲೇಸು. ಊರು, ಹೋಬಳಿ, ತಾಲ್ಲೂಕುಗಳನ್ನೂ ಕಲ್ಲು ನಿಂತಿರುವ ಜಾಗವನ್ನೂ ಮೊದಲು ಬರೆಯಬೇಕು. ಕಲ್ಲಿನ ಅಳತೆಯನ್ನೂ ಚಿಹ್ನೆಗಳನ್ನೂ ಹೇಳಬೇಕು. ಪಾಠವನ್ನು ಕಲ್ಲಿನಲ್ಲಿರುವಂತೆ ಸಾಲುಸಾಲಾಗಿ, ಸಂಖ್ಯೆಕೊಟ್ಟು ಬರೆಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳು ಇದಕ್ಕೆ ಮಾದರಿ. 'ಎಪಿಗ್ರಾಫಿಯಾ ಇಂಡಿಕ'ದ ಪದ್ಧತಿಯಂತೆ ಸವೆದ ಅಕ್ಷರಗಳನ್ನು ಚೌಕ ಕಂಸದಲ್ಲಿ, ತಿದ್ದುಪಡಿಯನ್ನು ದುಂಡು ಕಂಸದಲ್ಲಿ ಇಟ್ಟು, ಹೊಸದಾಗಿ ಸೇರಿಸಿದುದಕ್ಕೆ ನಕ್ಷತ್ರಚಿಹ್ನೆ ಹಾಕಬೇಕು. ಱ, ೞ ಅಕ್ಷರಗಳನ್ನು ರ, ಳ ಎಂದು ತಿದ್ದಬಾರದು. ಅವುಗಳಿಂದ ಕಾಲವನ್ನು ಊಹಿಸುವ ಅನುಕೂಲವುಂಟು. ಒಂದೇ ಕಲ್ಲಿನಲ್ಲಿ ಬೇರೆ ಕೈಯ ಬರಹ ಮುಂದುವರಿದಿದ್ದರೆ ಅದನ್ನು ಬೇರೆಯಾಗಿ ತೋರಿಸಬೇಕು. ಕೊನೆಯಲ್ಲಿ ಓದಿದವರ ಹೆಸರು, ಓದಿದ ದಿನ. ಇವಿಷ್ಟಕ್ಕೆ ಅರ್ಧ ಹಾಳೆ ಸಾಕು.

ಇವು ಯಾವುವೂ ಹೊಸ ವಿಧಿಗಳಲ್ಲ. ಎಲ್ಲಿ, ಯಾವಾಗ, ಯಾರು, ಯಾರಿಗೆ, ಯಾರ ಸಾಕ್ಷಿಯಲ್ಲಿ ಎಂಬ ಪ್ರಶ್ನೆಗಳಿಗೆ ಕೈದಾಳದ ಕಲ್ಲೂ ಕಡಬದ ತಾಮ್ರವೂ ತಮ್ಮ ಕಾಲದಲ್ಲಿ ಉತ್ತರವನ್ನು ಬರೆದಿಟ್ಟಿದ್ದರಿಂದಲೇ ನಾವು ಇಂದು ಅವುಗಳ ವಿಷಯವಾಗಿ ಮಾತನಾಡಬಲ್ಲೆವು. ಮುಂದಿನ ಓದುಗನಿಗೆ ನಾವೂ ಅಷ್ಟನ್ನು ಬರೆದಿಡುವುದು ನ್ಯಾಯ. ಮುಂದಿನ ವರ್ಷದಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವರದಿಗಳಲ್ಲಿ ಈ ಒಕ್ಕಣೆಯನ್ನು ಕಡ್ಡಾಯ ಮಾಡಬೇಕೆಂದು ಸಹೋದ್ಯೋಗಿಗಳಲ್ಲಿ ವಿನಂತಿ. ಇದರಲ್ಲಿ ಕೊರತೆಗಳಿದ್ದರೆ ಬಲ್ಲವರು ತಿದ್ದಿ ಹೇಳಬೇಕು.