ಮಾಲ್ಗುಡಿಯ ನಿಲ್ದಾಣಕ್ಕೆ ಅಳತೆ ಯಾವುದು?

ಇಲ್ಲದ ಊರಿನ ರೈಲು ನಿಲ್ದಾಣವನ್ನು ಕಣ್ಣಾರೆ ನೋಡಬೇಕೆನ್ನುವವರು ಶಿವಮೊಗ್ಗ ಜಿಲ್ಲೆಯ ಅರಸಾಳಿಗೆ ಹೋಗಬೇಕು. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣರ ಕತೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ಧಾರಾವಾಹಿಯಾಗಿಸಿದಾಗ ಊರಿನ ದೃಶ್ಯಗಳಿಗೆ ಆಗುಂಬೆಯನ್ನೂ ನಿಲ್ದಾಣದ ದೃಶ್ಯಗಳಿಗೆ ಅರಸಾಳನ್ನೂ ಆರಿಸಿಕೊಂಡರು. ಧಾರಾವಾಹಿಯ ಬಿತ್ತರ 1986ರಲ್ಲಿ ಮೊದಲಾಯಿತು. ಮುಂದೆ ಶಿವಮೊಗ್ಗ–ತಾಳಗುಪ್ಪ ದಾರಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಯಿತು. ಹಳೆಯ ಕಟ್ಟಡ ಕೆಲಸವಿಲ್ಲದೆ ಮೂಲೆಗೆ ಬಿತ್ತು. ಅದನ್ನೇ ದುರಸ್ತಿಗೊಳಿಸಿ 2020ರಲ್ಲಿ ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯೇ ಈ ಕೆಲಸದಲ್ಲಿಯೂ ಇದೆ. ಪಕ್ಕದಲ್ಲಿ ಹಳೆಯ ರೈಲುಡಬ್ಬಿಯೊಂದು ಚಹದಂಗಡಿಯಾಗಿದೆ.

ಹಾಳಾಗಿ ಹೋಗಬಹುದಾಗಿದ್ದ ಕಟ್ಟಡ ಉಳಿದದ್ದು ಸಂತೋಷದ ಸಂಗತಿ. ಅಲ್ಲಿಗೆ ಹೋಗುವವರ ಉತ್ಸಾಹವನ್ನು ಹಳಿಯುವ ಉದ್ದೇಶವೂ ನನಗಿಲ್ಲ. ಆದರೆ ಸಾಹಿತ್ಯದ ಹೆಸರು ಹೊತ್ತು ನಿಂತ ಯಾವುದೇ ವಸ್ತುವನ್ನು ಕುರಿತು ಸಾಹಿತ್ಯದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: ಇದು ಯಾವುದರ ಪ್ರತಿಕೃತಿ?

ಪ್ರತಿಕೃತಿಗೆ ಮೊದಲು ಬೇಕಾದದ್ದು ಅಳತೆ. ಲಂಡನ್ನಿನ ಸಮೀಪದ ಲೀವ್ಸ್‌ಡನ್ ಸ್ಟುಡಿಯೋದಲ್ಲಿ ಹ್ಯಾರಿ ಪಾಟರ್ ಕತೆಗಳ ಹಾಗ್ವರ್ಟ್ಸ್ ಕೋಟೆಯ ಮಾದರಿಯೊಂದಿದೆ. 2001ರ ಮೊದಲ ಚಲಚ್ಚಿತ್ರಕ್ಕೆಂದು ಇಪ್ಪತ್ತನಾಲ್ಕರಲ್ಲಿ ಒಂದಂಶದ ಅಳತೆಯಲ್ಲಿ ಕಟ್ಟಿದ್ದು. ಆ ಕತೆಯ ರೈಲು ಎಂಜಿನನ್ನೂ ಅಲ್ಲಿಯೇ ನಿಲ್ಲಿಸಿದ್ದಾರೆ. ಇಪ್ಪತ್ತನಾಲ್ಕರಲ್ಲಿ ಒಂದಂಶವೆಂದರೆ ಯಾವುದರ ಒಂದಂಶ? ಮೂಲ ಕೋಟೆ ಎಲ್ಲಿಯೂ ಇಲ್ಲ. ಕತೆಗಾರ್ತಿ ‘ಗೋಪುರ’ ಎಂದು ಬರೆದು ಮುಂದೆ ಸಾಗಬಹುದು. ಬಡಗಿಗೆ ಆ ಗೋಪುರ ಎಷ್ಟು ಮೊಳ ಎಂಬುದು ಗೊತ್ತಾಗದೆ ಕೈ ಓಡುವುದಿಲ್ಲ. ಆದುದರಿಂದ ಮಾದರಿ ಕಟ್ಟುವವನು, ತಾನು ಒಪ್ಪಲಿ ಬಿಡಲಿ, ವಿಮರ್ಶಕನೇ ಆಗುತ್ತಾನೆ. ಓದುಗ ನಿರ್ಧರಿಸದೆ ಬಿಟ್ಟದ್ದನ್ನೆಲ್ಲ ಅವನು ನಿರ್ಧರಿಸಬೇಕು. ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲ್ಲಿ ಮಾಲ್ಗುಡಿಗೆ ನಕ್ಷೆಯನ್ನೇ ಬರೆದರು. ಹೊಳೆ, ಬೀದಿ, ನಿಲ್ದಾಣ, ಎಲ್ಲಕ್ಕೂ ಒಂದೊಂದು ಜಾಗ ಗೊತ್ತುಮಾಡಿದರು. ನಾರಾಯಣರ ಊರಾದರೋ ಕಾದಂಬರಿಯಿಂದ ಕಾದಂಬರಿಗೆ ಬೇಕಾದಂತೆ ಬೆಳೆಯುತ್ತ ಹೋಗುತ್ತದೆ. 1935ರ ‘ಸ್ವಾಮಿ ಆಂಡ್ ಫ್ರೆಂಡ್ಸ್’ನಲ್ಲಿ ರೈಲು ಆಗಲೇ ಓಡಾಡುತ್ತಿದೆ, ಅದೇ ಊರಿಗೆ ಹಳಿ ಹಾಕಿದ ಕತೆ ತಿಳಿಯುವುದು 1958ರ ‘ದಿ ಗೈಡ್’ನಲ್ಲಿ. ಓದುಗನಿಗೆ ಇದರಿಂದ ಕಿಂಚಿತ್ತೂ ತೊಡಕಿಲ್ಲ.

ನಾರಾಯಣರ ಆತ್ಮಕಥೆ ‘ಮೈ ಡೇಸ್’ 1974ರಲ್ಲಿ ಬಂತು. ಮಾಲ್ಗುಡಿ ಹುಟ್ಟಿದ ಗಳಿಗೆಯನ್ನು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. ಅಜ್ಜಿ ನೋಡಿಕೊಟ್ಟ ಶುಭದಿನದಂದು ನೋಟುಬುಕ್ಕು ಕೊಂಡು ಬರೆಯಲು ಕುಳಿತರೆ ಮೊದಲು ಕಣ್ಣಮುಂದೆ ತೇಲಿಬಂದದ್ದು ಪುಟ್ಟ ರೈಲು ನಿಲ್ದಾಣ. ಅದರ ಪ್ಲಾಟ್‌ಫಾರಂ ಮೇಲೆ ಓಡುತ್ತಿದ್ದ ಹುಡುಗ ಸ್ವಾಮಿನಾಥ. ಊರು ಆಮೇಲೆ ಬಂದದ್ದು. ಹೀಗಿರುವಾಗ ಮಾಲ್ಗುಡಿಯಲ್ಲಿ ಯಾವುದಾದರೊಂದನ್ನು ಕಟ್ಟಬೇಕಾದರೆ ನಿಲ್ದಾಣವನ್ನೇ ಕಟ್ಟಬೇಕು ಎಂಬಷ್ಟರಮಟ್ಟಿಗೆ ಅರಸಾಳಿನ ಆಯ್ಕೆ ಸರಿಯಾದದ್ದೇ.

ಆದರೆ ಈ ನಿಲ್ದಾಣ ಕತೆಗಳಲ್ಲಿ ಮಾಡುವ ಕೆಲಸವೇನು? ಅದು ಊರಿನ ಹೊಸ್ತಿಲು. ಧಾರಾವಾಹಿ ಬಂದ 1986ರಲ್ಲಿಯೇ ಹೊರಬಂದ ‘ಟಾಕೆಟಿವ್ ಮ್ಯಾನ್’ನಲ್ಲಿ ಪರದೇಶಿಯೊಬ್ಬ ರೈಲಿಳಿದು ವಿಶ್ರಾಂತಿ ಕೋಣೆಯನ್ನೇ ಮನೆ ಮಾಡಿಕೊಳ್ಳುತ್ತಾನೆ. ‘ಗೈಡ್’ನ ರಾಜುವಿನದು ಇನ್ನೂ ಸ್ವಾರಸ್ಯ. ಮನೆಯ ಮುಂದೆ ಹಳಿ ಹಾಕುವುದನ್ನು ನೋಡುತ್ತ ಬೆಳೆದ ಹುಡುಗ ಅವನು. ಅಪ್ಪನಿಗೆ ನಿಲ್ದಾಣದಲ್ಲಿ ಅಂಗಡಿ ಸಿಗುತ್ತದೆ, ಮಗ ಆ ಅಂಗಡಿಯಿಂದ ಪ್ರವಾಸಿಗಳಿಗೆ ದಾರಿ ತೋರಿಸುವ ‘ರೈಲ್ವೆ ರಾಜು’ ಆಗುತ್ತಾನೆ. ಗೊತ್ತಿಲ್ಲವೆಂದು ಹೇಳುವುದು ಅವನ ಜಾಯಮಾನದಲ್ಲಿಲ್ಲ. ಹಾಳು ಗುಡಿಯ ವಯಸ್ಸು ಅವನಿಗಿರುವ ಹುರುಪಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಕೇಳಿದವರು ತೃಪ್ತರಾಗಿ ಹೋಗುತ್ತಾರೆ. ಇಲ್ಲದ್ದನ್ನು ಇದೆಯೆಂದು ತೋರಿಸುವ ಆ ವೃತ್ತಿ ಕೊನೆಗೆ ಅವನನ್ನು ಎಲ್ಲಿಗೆ ಮುಟ್ಟಿಸಿತೆಂಬುದೇ ಕಾದಂಬರಿ. ‘ಇದೇ ಮಾಲ್ಗುಡಿ’ ಎಂದು ಬೆರಳು ಮಾಡಿ ತೋರಿಸುವವರು ಆ ರಾಜುವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನು ‘ಸ್ವಾಮಿ’ಯ ಕೊನೆಯ ಅಧ್ಯಾಯ. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಡುತ್ತಿದ್ದಾನೆ. ಆಂಡರ್ಸನ್ನನ ಕತೆಪುಸ್ತಕವನ್ನು ಕೈಯಲ್ಲಿ ಹಿಡಿದು ಸ್ವಾಮಿ ಬಂದು ನಿಂತಿದ್ದಾನೆ. ರಾಜಂ ಬಾಯಿ ತೆರೆದ; ತೆರೆದಂತೆ ಸ್ವಾಮಿಗೆ ಕಂಡಿತು. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ, ಎಂಜಿನ್ ಕೂಗಿತು, ಮಾತು ತುಟಿಯ ಮೇಲೆಯೇ ಉಳಿದು ಮುಖ ದೂರವಾಯಿತು. ಪುಸ್ತಕವೇನೋ ಮಣಿಯ ಕೈಯಿಂದ ಅವನಿಗೆ ತಲುಪಿತು. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಅವನು ಕಾಗದ ಬರೆದಾನೇ ಎಂದು ಕೇಳಿದರೆ ಮಣಿಯ ಮುಖದಲ್ಲಿಯೂ ಉತ್ತರ ಕಾಣಲಿಲ್ಲ. ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದದ್ದು ಇಂಥದನ್ನು. ರೈಲಿನ ಸದ್ದಿನಲ್ಲಿ ಅಡಗಿಹೋದ ಆ ಮಾತಿಗಾಗಿಯೇ ನಾರಾಯಣರಿಗೆ ನಿಲ್ದಾಣ ಬೇಕಾಗಿತ್ತು. ಅದಕ್ಕೆ ಎಷ್ಟು ಕಂಬ, ಎಷ್ಟು ಕಿಟಕಿ, ಹಂಚಿನ ಮಾಡೋ ತಗಡಿನದೋ ಎಂಬುದು ಆ ಹುಡುಗನಿಗೆ ಬೇಕಿಲ್ಲ, ನಮಗೂ ಬೇಕಿಲ್ಲ.

ಅರಸಾಳಿನ ನಿಲ್ದಾಣ ಹಾಗಾದರೆ ಶಂಕರ್ ನಾಗ್ ಅವರ ಮಾಲ್ಗುಡಿಯ ಸ್ಮಾರಕ. ಹಾಗೆ ನೋಡಿದರೆ ಅದಕ್ಕೆ ನಿಜವಾದ ಅರ್ಥವಿದೆ. ನಾರಾಯಣರ ಊರಿನಿಂದ ರೈಲುಗಳು ಹೋಗುವುದು ಮದರಾಸಿನ ಕಡೆಗೆ, ತಿರುಚಿನಾಪಳ್ಳಿಯ ಕಡೆಗೆ. ಅಲ್ಲಿ ಸುಡುಬಿಸಿಲಿದೆ, ಸಂಜೆಗೆ ಹೋಗಿ ಕೂಡಲು ಸರಯೂ ಹೊಳೆಯ ಮರಳಿದೆ. ಶಂಕರ್ ನಾಗ್ ಅದನ್ನೆತ್ತಿ ಮಲೆನಾಡಿನ ಹಸುರಿನೊಳಗೆ, ಒದ್ದೆ ಹಂಚಿನ ಮಾಡಿನ ಕೆಳಗೆ ನೆಟ್ಟರು. ಇದು ಮೂಲಕ್ಕೆ ತಪ್ಪಿ ನಡೆದದ್ದೆಂದು ದೂರುವವರು ದೂರಲಿ. ನನಗೆ ಇದೊಂದು ಧೀರ ವ್ಯಾಖ್ಯಾನವಾಗಿ ಕಾಣುತ್ತದೆ. 1965ರ ‘ಗೈಡ್’ ಚಿತ್ರದವರೂ ಜಾಗ ಬದಲಿಸಿದರು. ಮೈಸೂರಿನ ಸುತ್ತಲಿನ ತಾಣಗಳನ್ನು ನಾರಾಯಣರು ತಾವೇ ತೋರಿಸಿದರೂ ಕೇಳದೆ ಕತೆಯನ್ನು ರಾಜಸ್ಥಾನಕ್ಕೆ ಸಾಗಿಸಿದರು. ನಾರಾಯಣರು ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ಆ ಬೇಸರವನ್ನು ನಗುನಗುತ್ತಲೇ ತೀರಿಸಿಕೊಂಡರು. ಅಲ್ಲಿ ಊರು ಹಿಗ್ಗಿ ಬಣ್ಣದ ತೆರೆಯಾಯಿತು; ಆಗುಂಬೆಯಲ್ಲಿ ಊರು ಬೇರೆಯಾದರೂ ಚಿಕ್ಕದಾಗಿಯೇ ಉಳಿಯಿತು. ಮಾಲ್ಗುಡಿಗೆ ಒಂದು ಅಳತೆಯೆಂಬುದಿದ್ದರೆ ಅದು ಈ ಚಿಕ್ಕತನವೇ. ಎಲ್ಲರಿಗೂ ಎಲ್ಲರ ಗುರುತಿರುವಷ್ಟು ಚಿಕ್ಕದು.

ಕನ್ನಡದ ನಟರು ಕನ್ನಡದ ನೆಲದಲ್ಲಿ ಅಭಿನಯಿಸಿದ ಈ ಧಾರಾವಾಹಿ ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಎಂಬುದೂ ನೆನಪಿರಲಿ. ಆದರೂ ನಾವು ಅದನ್ನು ನಮ್ಮದೆಂದೇ ಬಗೆದಿದ್ದೇವೆ; ಮಣ್ಣಿನ ಬಣ್ಣ ಭಾಷೆಯ ಕೊರತೆಯನ್ನು ತುಂಬಿಬಿಟ್ಟಿತು. ಇದರಲ್ಲಿ ಒಂದು ಅಪಾಯವೂ ಇದೆ. ತರಗತಿಯಲ್ಲಿ ಮಾಲ್ಗುಡಿಯ ಹೆಸರೆತ್ತಿದರೆ ಹುಡುಗರು ಎಲ್. ವೈದ್ಯನಾಥನ್ ಅವರ ರಾಗವನ್ನು ಗುನುಗುತ್ತಾರೆ, ಲಕ್ಷ್ಮಣರ ರೇಖೆಗಳನ್ನು ನೆನೆಯುತ್ತಾರೆ, ಅರಸಾಳಿನಲ್ಲಿ ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ಪುಸ್ತಕ ಬಿಡಿಸಿ ನೋಡಿದವರು ಮಾತ್ರ ಒಬ್ಬಿಬ್ಬರು. ನೋಡಿದ್ದೇವಲ್ಲ, ಇನ್ನು ಓದುವುದೇಕೆ ಎಂಬ ಭಾವನೆಯನ್ನು ಗಟ್ಟಿ ಗೋಡೆಗಳು ಮತ್ತಷ್ಟು ಗಟ್ಟಿಮಾಡುತ್ತವೆ. ಧಾರಾವಾಹಿ ಕಣ್ಣಮುಂದೆ ಸರಿದುಹೋಗುವಂಥದು, ಓದುಗನ ಚಿತ್ರಕ್ಕೆ ಕೊಂಚ ಎಡೆಯನ್ನಾದರೂ ಬಿಡುತ್ತದೆ, ಕಟ್ಟಡ ಕದಲುವುದಿಲ್ಲ.

ಕಳಸಾಪುರದಿಂದ ಗದುಗಿಗೆ ಬಂದು ರೈಲು ಹಿಡಿಯುವ ನಮ್ಮಂಥವರಿಗೆ ಇನ್ನೊಂದು ಬಗೆಯ ಸ್ಮಾರಕದ ಪರಿಚಯವಿದೆ. ಗದುಗಿನ ವೀರನಾರಾಯಣ ಗುಡಿಯಲ್ಲಿ ಒಂದು ಕಂಬವನ್ನು ತೋರಿಸಿ, ಕುಮಾರವ್ಯಾಸ ಇದರ ಬಳಿ ಕುಳಿತು ಭಾರತ ಬರೆದನೆನ್ನುತ್ತಾರೆ. ಐತಿಹ್ಯವೇ ಇರಬಹುದು. ಆದರೆ ಆ ಕಂಬ ಹಸ್ತಿನಾವತಿಯ ಅರಮನೆಯಂತೆ ಕಾಣಲು ಹವಣಿಸುವುದಿಲ್ಲ. ಬರೆದವನು ಇಲ್ಲಿದ್ದ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಸ್ತಿನಾವತಿಯನ್ನು ಕಟ್ಟಿಕೊಳ್ಳುವ ಕೆಲಸ ಗಮಕಿಯದು, ಕೇಳುವವರದು. ಮೈಸೂರಿನ ಯಾದವಗಿರಿಯಲ್ಲಿ 2016ರಿಂದ ವಸ್ತುಸಂಗ್ರಹಾಲಯವಾಗಿರುವ ನಾರಾಯಣರ ಮನೆ ಈ ಕಂಬದ ಜಾತಿಗೆ ಸೇರಿದ್ದು.

ಅರಸಾಳಿನದು ಬೇರೆ ಜಾತಿ, ಅದು ಹಾಗೆಯೇ ಇರಲಿ. ಅಲ್ಲಿ ಶಂಕರ್ ನಾಗ್ ಅವರ ಹೆಸರು ನಾರಾಯಣರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕೆಂಬುದು ನನ್ನ ಅಭಿಪ್ರಾಯ. ಜೊತೆಗೆ, ಚಹ ಕುಡಿಯಲು ಬಂದವರ ಎದುರು ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ‘ಸ್ವಾಮಿ’ಯ ಕೊನೆಯ ಅಧ್ಯಾಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು. ಅದಕ್ಕೆ ಕಾಲು ಗಂಟೆ ಸಾಕು. ನಡುವೆ ತಾಳಗುಪ್ಪದ ರೈಲು ಕೂಗುತ್ತ ಬಂದು ಒಂದೆರಡು ವಾಕ್ಯ ಕೇಳಿಸದೆ ಹೋದರೆ ಓದುವವರು ನಿಲ್ಲಿಸಬೇಕಾಗಿಲ್ಲ.